ಕೇಶಿರಾಜ
ಕೇಶಿರಾಜನು 13ನೆಯ ಶತಮಾನದ ಕನ್ನಡ ವೈಯಾಕರಣ, ಹೊಯ್ಸಳರ ಕಾಲದವನು. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ ಇವನ ತಂದೆ, ಕವಿ ಜನ್ನ ಸೋದರಮಾವ. ಇವನ ಕೃತಿಗಳಲ್ಲಿ ದೊರೆತಿರುವುದು ‘ಶಬ್ದಮಣಿದರ್ಪಣ’ ಒಂದೇ. ಇದರ ಸೂತ್ರಗಳು ಕಂದಪದ್ಯಗಳಲ್ಲಿವೆ.

ಧ್ವನಿಯ ಉತ್ಪತ್ತಿಯನ್ನು ಇವನು ಉಸಿರಿನಿಂದಲೇ ಆರಂಭಿಸುತ್ತಾನೆ: ಅನುಕೂಲವಾದ ಗಾಳಿಯಿಂದ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದೆ. ಉಸಿರನ್ನು ಆಧಾರವಾಗಿಟ್ಟ ಈ ವಿವರಣೆ ಕನ್ನಡಕ್ಕೆ ಸಲ್ಲುತ್ತದೆ. ಗಂಟಲನ್ನು ಮುಚ್ಚಿ, ಅದರ ಮೇಲೆ ಸಿಕ್ಕಿಕೊಂಡ ಗಾಳಿಯನ್ನಷ್ಟೇ ಸಿಡಿಸಿ ನುಡಿಯುವ ಜಾರ್ಜಿಯನ್, ಅಮ್ಹಾರಿಕ್ ಭಾಷೆಗಳ ವ್ಯಂಜನಗಳು ಕನ್ನಡದಲ್ಲಿಲ್ಲ. ಸಂಸ್ಕೃತಕ್ಕಷ್ಟೇ ಬೇಕಾದ ಅಕ್ಷರಗಳನ್ನು ಕಳೆದು, ಕನ್ನಡದ ಶುದ್ಧಾಕ್ಷರಗಳು 47 ಎಂದು ಇವನು ಎಣಿಸಿದನು. ಆ ವೇಳೆಗೆ ೞಕಾರವು ಆಡುಮಾತಿನಿಂದ ಮರೆಯಾಗುತ್ತಿತ್ತು. ಕವಿಗಳು ಅದನ್ನು ಳಕಾರದೊಡನೆ ಬೆರೆಸದಿರಲೆಂದು ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಿಕೊಟ್ಟನು. ಆ ಉಚ್ಚಾರಣೆ ಉಳಿಯಲಿಲ್ಲ, ಪಟ್ಟಿ ಉಳಿಯಿತು. ಫರ್ಡಿನೆಂಡ್ ಕಿಟ್ಟೆಲ್ ಸಂಪಾದಿಸಿದ ಆವೃತ್ತಿಯು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.