ಪೈರಿನ ಬಣ್ಣದಲ್ಲಿ ಇತಿಹಾಸ ಓದಿದ ಕ್ರಾಫರ್ಡ್

ನೆಲದಡಿ ಹುದುಗಿದ ಇತಿಹಾಸವನ್ನು ಆಕಾಶದಿಂದ ಓದುವ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಅಗ್ರಗಣ್ಯರಾದ ಓ.ಜಿ.ಎಸ್. ಕ್ರಾಫರ್ಡ್ ಜನಿಸಿದ್ದು ಮುಂಬಯಿಯಲ್ಲಿ, 1886ರಲ್ಲಿ. ತಂದೆ ಬ್ರಿಟಿಷ್ ಸರಕಾರದ ಅಧಿಕಾರಿ. ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಎಳೆಗೂಸನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಸೋದರತ್ತೆಯರು ಸಾಕಿ ಬೆಳೆಸಿದರು.

ಮೊದಲ ಮಹಾಯುದ್ಧದಲ್ಲಿ ಅವರು ಯುದ್ಧವಿಮಾನದ ವೀಕ್ಷಕರಾಗಿದ್ದರು. 1918ರಲ್ಲಿ ಜರ್ಮನರ ಸೆರೆಯಾದರು. ಬಿಡುಗಡೆಯ ನಂತರ 1920ರಲ್ಲಿ ಬ್ರಿಟನ್ನಿನ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಮೊದಲ ಪುರಾತತ್ವ ಅಧಿಕಾರಿಯಾದರು.

1922ರಲ್ಲಿ ವಾಯುಪಡೆಯ ಕೆಲವು ಛಾಯಾಚಿತ್ರಗಳು ಅವರ ಕೈಸೇರಿದವು. ಹ್ಯಾಂಪ್‌ಶೈರಿನ ಬಯಲಿನಲ್ಲಿ ಪ್ರಾಚೀನ ಹೊಲಗಳ ಬದುಗಳು ಸ್ಪಷ್ಟವಾಗಿ ಮೂಡಿದ್ದವು. ಮರುವರ್ಷ, ಸ್ಟೋನ್‌ಹೆಂಜ್ ಬಳಿ 1921ರಲ್ಲಿ ತೆಗೆದಿದ್ದ ಚಿತ್ರಗಳಲ್ಲಿ, ಆ ಶಿಲಾವೃತ್ತಕ್ಕೆ ಸಾಗುತ್ತಿದ್ದ ಪುರಾತನ ಹಾದಿಯ ಅಳಿಸಿಹೋದ ಭಾಗವನ್ನು ಅವರು ಗುರುತಿಸಿದರು. ಆದರೆ ಚಿತ್ರವೊಂದನ್ನೇ ನೆಚ್ಚಲಿಲ್ಲ. ಅಗೆದು ನೋಡಿದರು, ಕಾಲುವೆಗಳು ಅಲ್ಲೇ ಇದ್ದವು.

ಇದರ ಹಿಂದಿನ ತತ್ವ ರೈತರಿಗೆ ಹೊಸದಲ್ಲ. ಮುಚ್ಚಿಹೋದ ಹಳೆಯ ಕಂದಕದಲ್ಲಿ ಮಣ್ಣು ಆಳವಾಗಿದ್ದು ತೇವ ಉಳಿಯುತ್ತದೆ. ಅದರ ಮೇಲಿನ ಪೈರು ಎತ್ತರವಾಗಿ, ಹಸಿರಾಗಿ ಬೆಳೆಯುತ್ತದೆ. ಹೂತ ಗೋಡೆಯ ಮೇಲಿನ ಪೈರು ಗಿಡ್ಡವಾಗಿ ಬೇಗ ಹಳದಿಗೆ ತಿರುಗುತ್ತದೆ. ಮಳೆ ಕೈಕೊಟ್ಟ ವರ್ಷ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಜಮಖಾನೆಯ ಮೇಲೆ ಕುಳಿತ ಬೆಕ್ಕಿಗೆ ಅದರ ಚಿತ್ತಾರ ಕಾಣದು, ನಿಂತ ಮನುಷ್ಯನಿಗೆ ಕಾಣುತ್ತದೆ ಎಂಬ ಹೋಲಿಕೆಯಿಂದ ಕ್ರಾಫರ್ಡ್ ಇದನ್ನು ವಿವರಿಸುತ್ತಿದ್ದರು. ಆದರೆ ಕಂಡ ಗೆರೆಯೆಲ್ಲ ಕೋಟೆಯಲ್ಲ. ಇತ್ತೀಚಿನ ಕೊಳವೆಮಾರ್ಗ, ಬಂಡೆಯ ಸಹಜ ಬಿರುಕುಗಳೂ ಅಂಥದೇ ಗುರುತು ಮೂಡಿಸಬಲ್ಲವು.

1924ರಲ್ಲಿ ಅಲೆಕ್ಸಾಂಡರ್ ಕೀಲರ್ ಜೊತೆ ವಿಮಾನವೇರಿ ನಡೆಸಿದ ಸಮೀಕ್ಷೆ 1928ರಲ್ಲಿ ಗ್ರಂಥವಾಯಿತು. ಅದರ ನಡುವೆ, 1927ರಲ್ಲಿ, ಅವರು ಆರಂಭಿಸಿದ ‘ಆಂಟಿಕ್ವಿಟಿ’ ಪತ್ರಿಕೆ ಇಂದಿಗೂ ಪ್ರಕಟವಾಗುತ್ತಿದೆ.

ಎರಡನೇ ಮಹಾಯುದ್ಧ ಬಂದಾಗ, ಸೌತಾಂಪ್ಟನ್ ಕಚೇರಿಯ ಸಂಗ್ರಹವನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವಂತೆ ಅವರು ಮೇಲಧಿಕಾರಿಗಳನ್ನು ಒತ್ತಾಯಿಸಿದರು. ಮಾತು ನಡೆಯಲಿಲ್ಲ. ಕೈಲಾದಷ್ಟು ದಾಖಲೆಗಳನ್ನು ತಾವೇ ನರ್ಸ್‌ಲಿಂಗ್‌ನ ಮನೆಗೆ ಒಯ್ದರು. 1940ರ ಬಾಂಬ್ ದಾಳಿಯಲ್ಲಿ ಕಚೇರಿ ನಾಶವಾಯಿತು. ಸಂಗ್ರಹದ ಬಹುಪಾಲು ಬೂದಿಯಾಯಿತು. ಅವರು ಒಯ್ದದ್ದು ಉಳಿಯಿತು.

ಅವಿವಾಹಿತರಾಗಿಯೇ ಉಳಿದ ಕ್ರಾಫರ್ಡ್ 1957ರಲ್ಲಿ ನಿಧನರಾದರು. 2018ರ ಬಿರುಬೇಸಿಗೆಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಸಮೀಪದ ಹೊಲವೊಂದರಲ್ಲಿ ಬೃಹತ್ ವೃತ್ತದ ಗುರುತು ಡ್ರೋನ್ ಕ್ಯಾಮೆರಾಕ್ಕೆ ಗೋಚರಿಸಿತು. ಉಪಕರಣ ಬದಲಾಗಿದೆ, ಓದುವ ವಿಧಾನ ಅವರದೇ.