ಒಬ್ಬರದೇ ಲ್ಯಾಬ್, ಎರಡು ಧಾತು: ಬರ್ಜೀಲಿಯಸ್

ಅಳ್ನಾವರ ಸ್ಟೇಷನ್ನಿನಲ್ಲಿ ಟ್ರೇನ್ ಕಾಯ್ತಾ ನಾವು ನೋಡೋ ಮೊಬೈಲಿನ ಬ್ಯಾಟರಿಯಲ್ಲಿ ಲಿಥಿಯಂ ಇದೆ. ಹೊಸ ಬ್ಯಾಟರಿಗಳ ಆನೋಡ್‌ಗೆ ಈಗ ಸಿಲಿಕಾನ್ ಕೂಡ ಬರ್ತಾ ಇದೆ. ಈ ಎರಡೂ ಧಾತುಗಳ ಕಥೆ ಸ್ಟಾಕ್‌ಹೋಮ್‌ನ ಒಬ್ಬರದೇ ಲ್ಯಾಬ್‌ನಲ್ಲಿ ಶುರುವಾಗುತ್ತೆ.

ಯೋನ್ಸ್ ಯಾಕೊಬ್ ಬರ್ಜೀಲಿಯಸ್ ಹುಟ್ಟಿದ್ದು 1779ರಲ್ಲಿ, ಸ್ವೀಡನ್ನಿನ ಹಳ್ಳಿಯೊಂದರಲ್ಲಿ. ಸಣ್ಣವರಿದ್ದಾಗಲೇ ತಂದೆ, ಆಮೇಲೆ ತಾಯಿ ತೀರಿಕೊಂಡರು. ಓದಿದ್ದು ಮೆಡಿಕಲ್, ಆದ್ರೆ ಮನಸ್ಸು ಇದ್ದದ್ದು ಕೆಮಿಸ್ಟ್ರಿ ಮೇಲೆ. 1800ರಲ್ಲಿ ವೋಲ್ಟಾ ಬ್ಯಾಟರಿ ಬಂತು. ಎರಡೇ ವರ್ಷದಲ್ಲಿ ಇವರು ಅದರ ಕರೆಂಟನ್ನು ರೋಗಿಗಳಿಗೆ ಕೊಟ್ಟು ನೋಡಿ ಥೀಸಿಸ್ ಬರೆದರು.

ಇವರ ಲ್ಯಾಬ್ ಇದ್ದದ್ದು ಅಡುಗೆಮನೆಯ ಪಕ್ಕದಲ್ಲೇ. ಅಡುಗೆ ಮಾಡ್ತಿದ್ದ ಆನ್ನಾ ಸುಂಡ್‌ಸ್ಟ್ರೋಮ್ ನೋಡ್ತಾ ನೋಡ್ತಾ ಕೆಮಿಸ್ಟ್ರಿ ಕಲಿತು, 1808ರಿಂದ 1836ರವರೆಗೆ ಸಹಾಯಕಿಯಾಗಿದ್ದರು.

1817ರಲ್ಲಿ ಶಿಷ್ಯ ಆರ್ಫ್‌ವೆಡ್ಸನ್ ಪೆಟಲೈಟ್ ಎಂಬ ಕಲ್ಲನ್ನು ಪರೀಕ್ಷೆ ಮಾಡ್ತಿದ್ದಾಗ ಲೆಕ್ಕ ಕೂಡಲಿಲ್ಲ. ಆ ವ್ಯತ್ಯಾಸದಲ್ಲೇ ಹೊಸ ಧಾತು ಅಡಗಿತ್ತು. ಕಲ್ಲಿನಲ್ಲಿ ಸಿಕ್ಕಿದ್ದಕ್ಕೆ, ಕಲ್ಲು ಅನ್ನೋ ಅರ್ಥದ ಗ್ರೀಕ್ ಪದದಿಂದ ಲಿಥಿಯಂ ಅಂತ ಹೆಸರಾಯಿತು. ಲ್ಯಾಬ್ ಗುರುವಿನದು, ಆದ್ರೆ ಶೋಧದ ಕೀರ್ತಿ ಶಿಷ್ಯನಿಗೇ ಹೋಯಿತು.

ಸಿಲಿಕಾನ್ ಮರಳಿನಲ್ಲೇ ಇದ್ದರೂ ಆಕ್ಸಿಜನ್ ಅದನ್ನು ಬಿಡೋದಿಲ್ಲ. 1824ರಲ್ಲಿ ಬರ್ಜೀಲಿಯಸ್ ಅದರ ಫ್ಲೋರೈಡ್ ಲವಣವನ್ನು ಪೊಟ್ಯಾಸಿಯಂ ಜೊತೆ ಕಾಯಿಸಿ, ಬಂದದ್ದನ್ನು ಮತ್ತೆ ಮತ್ತೆ ತೊಳೆದು, ಕಂದು ಬಣ್ಣದ ಪುಡಿಯಾಗಿ ಪಡೆದರು. ನಾವು ಬರೆಯೋ ಧಾತುಗಳ ಒಂದೆರಡು ಅಕ್ಷರದ ಚಿಹ್ನೆ ಪದ್ಧತಿಯೂ ಇವರದೇ.

ಎಲ್ಲ ಸರಿಯಾಗೇ ಮಾಡಿದರು ಅಂತಲ್ಲ. ಪ್ರತಿ ಸಂಯುಕ್ತದಲ್ಲೂ ಧನ, ಋಣ ಎರಡು ಭಾಗ ಇರಲೇಬೇಕು ಅನ್ನೋದು ಇವರ ವಾದ. ಕಾರ್ಬನ್ ಸಂಯುಕ್ತಗಳು ಅದಕ್ಕೆ ಹೊಂದಲಿಲ್ಲ. ಕಿರಿಯರು ತೋರಿಸಿಕೊಟ್ಟರೂ ಇವರು ಬಗ್ಗಲಿಲ್ಲ. 1835ರಲ್ಲಿ, 56ನೇ ವಯಸ್ಸಿನಲ್ಲಿ ಮದುವೆಯಾದರು. ಮರುವರ್ಷ ಆನ್ನಾ ಆ ಮನೆಯ ಕೆಲಸ ಬಿಡಬೇಕಾಯಿತು. 1848ರಲ್ಲಿ ಬರ್ಜೀಲಿಯಸ್ ತೀರಿಕೊಂಡರು.

ಆ ಎರಡು ಧಾತುಗಳನ್ನು ಕೂಡಿಸೋದೇ ಈಗಿನ ಸವಾಲು. ಗ್ರಾಫೈಟ್ ಆನೋಡ್‌ನ ಸಾಮರ್ಥ್ಯ ಗ್ರಾಮಿಗೆ 372 ಮಿಲಿಆಂಪಿಯರ್-ಅವರ್, ಸಿಲಿಕಾನಿನದು ಸುಮಾರು 3,579. ಆದ್ರೆ ಲಿಥಿಯಂ ಒಳಹೊಕ್ಕಾಗ ಸಿಲಿಕಾನ್ ಸುಮಾರು 300% ಹಿಗ್ಗಿ ಬಿರುಕು ಬಿಡುತ್ತೆ. ಅದಕ್ಕೇ ನ್ಯಾನೋ ಕಣ ಮಾಡಿ ಕಾರ್ಬನ್ ಜೊತೆ ಬೆರೆಸಿದ ಕಾಂಪೋಸಿಟ್ ಬಳಸ್ತಾರೆ. ನಮ್ಮ ಮಂಡ್ಯ ಜಿಲ್ಲೆಯ ಕಲ್ಲಿನಲ್ಲೂ 1,600 ಟನ್ ಲಿಥಿಯಂ ಇದೆಯೆಂಬ ಅಂದಾಜಿದೆ.

ಮುಂದೆ ಯಾವುದಾದ್ರೂ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೆಸರು ಹಾಕುವಾಗ ಆರ್ಫ್‌ವೆಡ್ಸನ್ ನೆನಪಾಗಲಿ. ಲ್ಯಾಬ್ ಅಸಿಸ್ಟೆಂಟ್‌ಗೆ ಥ್ಯಾಂಕ್ಸ್ ಬರೆಯುವಾಗ ಆನ್ನಾ ಕೂಡ.