ಮೋಗ್ಲಿಂಗ್ ಅಯ್ಯನವರೂ ಕನ್ನಡದ ಹುಡುಗರೂ

ಅತ್ತಿಗುಂಡಿಯ ಕಡೆಯ ಕಾಫಿ ತೋಟಗಳ ಲೈನುಮನೆಗಳಲ್ಲಿಯೂ ಈಗ ಮಕ್ಕಳ ಕೈಯಲ್ಲಿ ಅಚ್ಚಿನ ಪುಸ್ತಕಗಳನ್ನು ಕಾಣುತ್ತೇವೆ. 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಮಂಗಳೂರಿಗೆ ಬಂದಿಳಿದಾಗ, ಓದಲು ಕಲಿತ ಹುಡುಗನಿಗೆ ಕೊಡತಕ್ಕ ಕನ್ನಡ ಪುಸ್ತಕವು ಬಹು ಅಪರೂಪವಾಗಿತ್ತು.

ಇವರು 1811ರಲ್ಲಿ ಜರ್ಮನಿ ದೇಶದ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿ, ವೇದಶಾಸ್ತ್ರವನ್ನು ಕಲಿತು, ಬಾಸೆಲ್ ಮಿಶನಿನ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡವರು. ಮಂಗಳೂರಿನಲ್ಲಿ ಹುಡುಗರ ಶಾಲೆಯೂ ಉಪದೇಶಿಗಳ ಶಾಲೆಯೂ ಇವರ ವಶಕ್ಕೆ ಬಂದಾಗ, ದೊರೆಗಳಂತೆ ದೂರವಿರದೆ ಶಿಷ್ಯರೊಡನೆ ಬಾಳಿದರು. ಅವರಿಗೋಸ್ಕರ ಗೀತಗಳನ್ನು ರಚಿಸಿದರು. ವೈಗ್ಲೆ ಅಯ್ಯನವರೊಡನೆ ಸೇರಿ ಯಾತ್ರಿಕನ ಸಂಚಾರವನ್ನು ಕನ್ನಡಿಸಿದರು. ಹಳ್ಳಿಗರ ಬಾಯಲ್ಲಿದ್ದ ಗಾದೆಗಳನ್ನು ಕೂಡಿಸಿ ಅಚ್ಚುಹಾಕಿಸಿದರು. 1843ನೇ ಜುಲೈ 1ರಂದು ಇವರು ಹೊರಡಿಸಿದ ಮಂಗಳೂರ ಸಮಾಚಾರವೇ ಕನ್ನಡದ ಮೊದಲನೇ ವರ್ತಮಾನ ಪತ್ರಿಕೆಯು.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಕಾಸಾಮೇಜರ್ ಎಂಬ ದೊರೆಯ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವುಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕ್ರಿಸ್ತನ ಸೇವಕನಿಗೆ ಇದು ತಕ್ಕ ಕೆಲಸವೋ ಎಂದು ನಮ್ಮವರಲ್ಲಿ ಕೆಲವರು ಇಂದಿಗೂ ಕೇಳುವದುಂಟು. ನಮಗಾದರೋ ಇದರಲ್ಲಿ ತಪ್ಪು ತೋರುವದಿಲ್ಲ. ನೆರೆಯವನ ಹಾಡನ್ನೂ ಗಾದೆಯನ್ನೂ ಅರಿಯದ ಉಪದೇಶಿಯು ಜಗಲಿಯ ಮೇಲೆ ಕೂತು ಸುವಾರ್ತೆಯನ್ನು ಹೇಳಿದರೆ, ಕೇಳುವವರಿಗೆ ಅದು ಪರದೇಶದ ಮಾತಾಗಿಯೇ ಉಳಿಯುವದು.

ಈ ಸೇವೆಯು ಸುಲಭವಾಗಿರಲಿಲ್ಲ. 1844ನೇ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯನೆಂಬ ಬ್ರಾಹ್ಮಣ ಯುವಕನು ದೀಕ್ಷಾಸ್ನಾನ ಹೊಂದಿದಾಗ ಊರೆಲ್ಲಾ ಕಲಕಿತು. ಮನೆಯನ್ನೂ ಬಂಧುಗಳನ್ನೂ ಕಳಕೊಂಡ ಆ ಯುವಕನಿಗೆ ಅಯ್ಯನವರೇ ತಂದೆಯಂತಾದರು. ಮುಂದೆ ಅವನು ಬಾಸೆಲಿನಲ್ಲಿ ಕಲಿತು, ಬೋಧಕನಾಗಿ ತಿರಿಗಿ ಬಂದು, ಮಂಗಳೂರಿನಲ್ಲಿ ಉಪದೇಶಿಗಳಿಗೆ ಪಾಠ ಹೇಳಿದನು.

ಅಯ್ಯನವರು ದೇಹ ಬಳಲಿ ಸ್ವದೇಶಕ್ಕೆ ಹೊರಡುವದರಲ್ಲಿದ್ದಾಗ, ಸೋಮಯ್ಯನೆಂಬ ಕೊಡಗನು ದೀಕ್ಷೆಯನ್ನು ಬೇಡಿ ಬಂದನು. ಪ್ರಯಾಣವನ್ನು ಬಿಟ್ಟು 1853ರಲ್ಲಿ ಅವನೊಡನೆ ಕೊಡಗಿಗೆ ಹೋದರು. ಭೂಮಿಯಿಲ್ಲದೆ ಒಡೆಯರ ಗದ್ದೆಗಳಲ್ಲಿ ದುಡಿಯುತ್ತಿದ್ದ ಹೊಲೆಯರೊಳಗಿಂದ ಕ್ರೈಸ್ತರಾದವರಿಗೆ ಅಲ್ಲಿ ಆನಂದಪುರವೆಂಬ ನೆಲೆಯಾಯಿತು. ನಮ್ಮ ಬೆಟ್ಟದ ಸಭೆಗಳಲ್ಲಿ ಆ ಹೆಸರನ್ನು ಕೇಳದ ಮಕ್ಕಳು ಅನೇಕರಿದ್ದಾರೆ. ಶಾಲೆ ನಡಿಸುವವರು ಅದನ್ನು ಹೇಳಿಕೊಡತಕ್ಕದ್ದು.

ತ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಇವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1860ರಲ್ಲಿ ಹೆಂಡತಿಯ ಅಸ್ವಸ್ಥತೆಯ ನಿಮಿತ್ತ ಸ್ವದೇಶಕ್ಕೆ ಹೋದರು, ತಿರಿಗಿ ಬರಲಾಗಲಿಲ್ಲ. 1881ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.